‘ಸೂಪರ್ ಬ್ರೋ’ ಅಂದ್ರೆ ಫೀಡ್‌ಬ್ಯಾಕ್ ಆಯ್ತಾ?

ಸೆಕೆಂಡ್ ಇಯರ್‌ಗೆ ಬಂದ ಮೇಲೆ ಸುಮಾರು ಜನಕ್ಕೆ ಒಂದು ಆಸೆ ಹುಟ್ಟುತ್ತೆ. ಫಸ್ಟ್ ಇಯರ್‌ನಲ್ಲಿ ನಮ್ಮ ತಲೆ ತಿಂದ ಸಬ್ಜೆಕ್ಟನ್ನ ಜೂನಿಯರ್‌ಗಳಿಗೆ ಕನ್ನಡದಲ್ಲಿ ಹೇಳಿಕೊಡಬೇಕು ಅಂತ. ಲ್ಯಾಪ್‌ಟಾಪ್ ಇದೆ, ಸ್ಕ್ರೀನ್ ರೆಕಾರ್ಡ್ ಮಾಡೋಕೆ ಒಬಿಎಸ್ ಫ್ರೀಯಾಗಿ ಸಿಗುತ್ತೆ, ಹಾಸ್ಟೆಲ್ ರೂಮಲ್ಲಿ ರಾತ್ರಿ ಹನ್ನೊಂದರ ಮೇಲೆ ಸ್ವಲ್ಪ ನಿಶ್ಶಬ್ದನೂ ಸಿಗುತ್ತೆ. ಏಳೆಂಟು ವಿಡಿಯೋ, ಪ್ರತಿ ವಿಡಿಯೋಗೆ ಒಂದು ಗೂಗಲ್ ಫಾರ್ಮ್ ಕ್ವಿಜ್, ಒಂದು ಪಿಡಿಎಫ್ ನೋಟ್ಸ್. ಕೋರ್ಸ್ ರೆಡಿ. ಲಿಂಕನ್ನ ವಾಟ್ಸಾಪ್ ಗ್ರೂಪಿಗೆ ಹಾಕಿ ‘ಫೀಡ್‌ಬ್ಯಾಕ್ ಕೊಡಿ ಪ್ಲೀಸ್’ ಅಂತ ಬರೀತೀವಿ. ಎರಡೇ ನಿಮಿಷದಲ್ಲಿ ಬೆಂಕಿ ಇಮೋಜಿ, ‘ಸೂಪರ್ ಬ್ರೋ’, ‘ಮಸ್ತ್ ಅಣ್ಣ’ ಎಲ್ಲಾ ಬರುತ್ತೆ. ವಿಡಿಯೋ ಇರೋದು 9 ನಿಮಿಷ, ಮೆಸೇಜ್ ಬಂದಿದ್ದು ಎರಡನೇ ನಿಮಿಷಕ್ಕೆ. ಲೆಕ್ಕ ನೀವೇ ಮಾಡ್ಕೊಳ್ಳಿ.

ಈ ಲೇಖನ ಬರೀತಿರೋದು ಆ ಎರಡು ನಿಮಿಷದ ಮೆಸೇಜಿಗೂ ನಿಜವಾದ ಫೀಡ್‌ಬ್ಯಾಕಿಗೂ ಇರೋ ದೂರದ ಬಗ್ಗೆ. ಕೋರ್ಸ್ ಮಾಡೋರಿಗೆ ಅರ್ಧ, ನೋಡಿ ಅಭಿಪ್ರಾಯ ಹೇಳೋರಿಗೆ ಅರ್ಧ. ಉದಾಹರಣೆ ಬೇಕಲ್ಲ, ಅದಕ್ಕೆ ಇಡೀ ಲೇಖನಕ್ಕೆ ಒಂದೇ ಕೋರ್ಸ್ ಇಟ್ಕೊಳ್ಳೋಣ: ಬೇಸಿಕ್ ಎಲೆಕ್ಟ್ರಿಕಲ್‌ನ ಡಿಸಿ ಸರ್ಕ್ಯೂಟ್ಸ್. ಓಮ್ಸ್ ಲಾ, ಸೀರೀಸ್, ಪ್ಯಾರಲಲ್, ಕಿರ್ಚಾಫ್‌ನ ಎರಡು ನಿಯಮ. ಬ್ರಾಂಚ್ ಯಾವುದಾದ್ರೂ ಎಲ್ಲರಿಗೂ ಒಂದಲ್ಲ ಒಂದು ಸಲ ಎದುರಾಗಿರೋ ವಿಷಯ.

ಮೊದಲು, ಫೀಡ್‌ಬ್ಯಾಕ್ ಇಲ್ಲದಿದ್ರೆ ಯಾರಿಗೆ ನಷ್ಟ ಅಂತ ಹೇಳಿಬಿಡ್ತೀನಿ. ನಮ್ಮಂಥ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರಿಗೆ ಒಂದು ವಿಡಿಯೋ ಅರ್ಥ ಆಗ್ಲಿಲ್ಲ ಅಂದ್ರೆ ಇನ್ನೊಂದಕ್ಕೆ ಹೋಗ್ತೀವಿ. ಎನ್‌ಪಿಟೆಲ್ ಇದೆ, ಖಾನ್ ಅಕಾಡೆಮಿ ಇದೆ, ಹಿಂದಿ ಬಂದ್ರೆ ಇನ್ನೂ ನೂರು ಚಾನೆಲ್ ಇವೆ. ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮೀಡಿಯಂನಲ್ಲಿ ಓದಿ, ಪಿಯುಸಿಯಲ್ಲೋ ಡಿಪ್ಲೊಮಾದಲ್ಲೋ ಹೇಗೋ ಇಂಗ್ಲಿಷ್ ದಾಟಿ ಬಂದಿರೋ ಹುಡುಗನಿಗೆ ಅಷ್ಟು ಬಾಗಿಲು ತೆರೆದಿರಲ್ಲ. ಅವನು ನಮ್ಮ ಕನ್ನಡ ವಿಡಿಯೋನ ದೊಡ್ಡ ನಂಬಿಕೆ ಇಟ್ಟು ಓಪನ್ ಮಾಡ್ತಾನೆ. ಅದೂ ಅರ್ಥ ಆಗ್ಲಿಲ್ಲ ಅಂದ್ರೆ ‘ವಿಡಿಯೋ ಸರಿ ಇಲ್ಲ’ ಅಂತ ಅವನಿಗೆ ಅನ್ಸಲ್ಲ. ‘ಕನ್ನಡದಲ್ಲಿ ಹೇಳಿದ್ರೂ ನನಗೆ ಅರ್ಥ ಆಗ್ತಿಲ್ಲ, ನಾನೇ ದಡ್ಡ’ ಅನ್ಸುತ್ತೆ. ಆಮೇಲೆ ಗ್ರೂಪಲ್ಲಿ ‘ತುಂಬಾ ಚೆನ್ನಾಗಿದೆ ಅಣ್ಣ’ ಅಂತ ಬರೀತಾನೆ. ನಮ್ಮ ಕೋರ್ಸಿನ ತಪ್ಪು ಅವನ ತಲೆ ಮೇಲೆ ಹೋಗಿ ಕೂತಿರುತ್ತೆ, ನಮಗೆ ಗೊತ್ತೂ ಆಗಲ್ಲ.

ಇಷ್ಟ ಆಗೋದೇ ಬೇರೆ, ಕಲಿಯೋದೇ ಬೇರೆ

ಟ್ರೈನಿಂಗ್ ಕ್ಷೇತ್ರದಲ್ಲಿ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಅನ್ನೋರ ಹೆಸರು ಪದೇ ಪದೇ ಬರುತ್ತೆ. 1959ರಲ್ಲಿ ಶುರು ಮಾಡಿ ಅವರು ಬರೆದ ಲೇಖನಗಳಲ್ಲಿ ಒಂದು ತರಬೇತಿಯನ್ನ ನಾಲ್ಕು ಹಂತದಲ್ಲಿ ಅಳೀಬಹುದು ಅಂದ್ರು. ಮೊದಲನೇದು ಪ್ರತಿಕ್ರಿಯೆ, ಅಂದ್ರೆ ಜನಕ್ಕೆ ಹೇಗನ್ನಿಸ್ತು ಅನ್ನೋದು. ಎರಡನೇದು ಕಲಿಕೆ, ಅಂದ್ರೆ ಏನಾದ್ರೂ ತಲೆಗೆ ಹೋಯ್ತಾ ಅಂತ. ಮೂರನೇದು ಕಲಿತಿದ್ದನ್ನ ಹೊರಗೆ ಬಳಸಿದ್ರಾ ಅಂತ, ನಾಲ್ಕನೇದು ಕೊನೆಗೆ ಅದರಿಂದ ಏನು ಫಲ ಬಂತು ಅಂತ. ಬೆಂಕಿ ಇಮೋಜಿ ಮೊದಲನೇ ಹಂತಕ್ಕೇ ನಿಂತುಬಿಡುತ್ತೆ. ನಮಗೆ ಬೇಕಾಗಿರೋದು ಕನಿಷ್ಠ ಎರಡನೇದು.

‘ಇಷ್ಟ ಆದ್ರೆ ಕಲಿತಿರ್ತಾರೆ ಬಿಡು’ ಅಂತ ಅನ್ಕೋಬಹುದು. ಅಲ್ಲೇ ಇರೋದು ಮಜಾ. ವೆರಿಟಾಸಿಯಂ ಚಾನೆಲ್ ನೋಡಿರ್ತೀರಲ್ಲ, ಅದನ್ನ ನಡೆಸೋ ಡೆರೆಕ್ ಮುಲ್ಲರ್ ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡಿದ್ದು ಇದೇ ವಿಷಯದ ಮೇಲೆ, ಫಿಸಿಕ್ಸ್ ಕಲಿಸೋ ವಿಡಿಯೋ ಹೇಗಿರಬೇಕು ಅಂತ. ಒಂದಷ್ಟು ವಿದ್ಯಾರ್ಥಿಗಳಿಗೆ ನೀಟಾಗಿ, ಸ್ಪಷ್ಟವಾಗಿ ವಿವರಿಸೋ ವಿಡಿಯೋ ತೋರಿಸಿದ್ರು. ಇನ್ನೊಂದಷ್ಟು ಜನಕ್ಕೆ ಸಾಮಾನ್ಯವಾಗಿ ಎಲ್ಲರೂ ಇಟ್ಕೊಂಡಿರೋ ತಪ್ಪು ಕಲ್ಪನೆಗಳನ್ನ ಮೊದಲು ಎತ್ತಿ, ಅದು ಯಾಕೆ ತಪ್ಪು ಅಂತ ಚರ್ಚೆ ಮಾಡೋ ವಿಡಿಯೋ. ನೀಟಾದ ವಿಡಿಯೋ ನೋಡಿದವರು ‘ಸ್ಪಷ್ಟವಾಗಿದೆ, ಸುಲಭವಾಗಿ ಅರ್ಥ ಆಯ್ತು’ ಅಂದ್ರು. ಆದ್ರೆ ಟೆಸ್ಟಲ್ಲಿ ಅವರ ಅಂಕ ಹೆಚ್ಚು ಕಮ್ಮಿ ಇದ್ದಲ್ಲೇ ಇತ್ತು. ಎರಡನೇ ಗುಂಪಿನವರು ‘ಗೊಂದಲ ಆಯ್ತು’ ಅಂದ್ರು, ಅಂಕ ಮಾತ್ರ ಅವರದ್ದೇ ಏರಿತ್ತು. ಯಾಕಂದ್ರೆ ನೀಟಾದ ವಿಡಿಯೋ ನೋಡುವಾಗ ‘ಇದು ನನಗೆ ಗೊತ್ತಿರೋದೇ’ ಅಂತ ತಲೆ ಮಲಗಿಬಿಡುತ್ತೆ. ತನ್ನೊಳಗೆ ಇರೋ ತಪ್ಪು ಕಲ್ಪನೆಯನ್ನೇ ವಿಡಿಯೋ ಕೂಡ ಹೇಳ್ತಿದೆ ಅಂತ ಅನ್ಕೊಂಡು ಎದ್ದು ಹೋಗ್ತಾರೆ.

2019ರಲ್ಲಿ ಹಾರ್ವರ್ಡ್‌ನ ಫಿಸಿಕ್ಸ್ ಕ್ಲಾಸಲ್ಲಿ ಮಾಡಿದ ಪ್ರಯೋಗದಲ್ಲೂ ಇದೇ ತರ ಆಯ್ತು. ಚೆನ್ನಾಗಿ ಲೆಕ್ಚರ್ ಕೇಳಿದವರಿಗೆ ತಾವು ಜಾಸ್ತಿ ಕಲಿತ್ವಿ ಅನ್ನಿಸಿತ್ತು, ಗುಂಪಲ್ಲಿ ಕೂತು ತಾವೇ ಪ್ರಾಬ್ಲಂ ಬಿಡಿಸಿದವರಿಗೆ ಕಮ್ಮಿ ಕಲಿತ್ವಿ ಅನ್ನಿಸಿತ್ತು. ಟೆಸ್ಟ್ ರಿಸಲ್ಟ್ ಉಲ್ಟಾ.

ಹಾಗಾಗಿ ‘5ಕ್ಕೆ ಎಷ್ಟು ಸ್ಟಾರ್ ಕೊಡ್ತೀರಾ’ ಅನ್ನೋ ಗೂಗಲ್ ಫಾರ್ಮ್ ಮಾಡಿ ಸರಾಸರಿ 4.6 ಬಂತು ಅಂತ ಸ್ಟೇಟಸ್ ಹಾಕ್ಕೊಂಡ್ರೆ, ಅದು ನಮ್ಮ ಧ್ವನಿ ಚೆನ್ನಾಗಿದೆ ಅಂತ ಹೇಳ್ತಿರಬಹುದು. ಸರ್ಕ್ಯೂಟ್ ಅರ್ಥ ಆಯ್ತಾ ಅಂತ ಅದು ಹೇಳಲ್ಲ.

ಮಾಡಿದವರಿಗೇ ಯಾಕೆ ಕಾಣಲ್ಲ?

ಇವತ್ತು ರಾತ್ರಿ ರೂಮಲ್ಲಿ ಒಂದು ಆಟ ಆಡಿ. ಎಲ್ಲರಿಗೂ ಗೊತ್ತಿರೋ ಒಂದು ಸಿನಿಮಾ ಹಾಡನ್ನ ಮನಸ್ಸಲ್ಲಿ ಹಾಡ್ಕೊಳ್ತಾ ಅದರ ಲಯವನ್ನ ಮಾತ್ರ ಟೇಬಲ್ ಮೇಲೆ ಬೆರಳಲ್ಲಿ ಕುಟ್ಟಿ. ರೂಂಮೇಟ್ ಯಾವ ಹಾಡು ಅಂತ ಹೇಳಬೇಕು. ನಿಮಗೆ ‘ಇಷ್ಟು ಈಸಿ, ಹೇಳ್ತಾನೆ ಬಿಡು’ ಅನ್ನಿಸುತ್ತೆ, ಯಾಕಂದ್ರೆ ನಿಮ್ಮ ತಲೆಯಲ್ಲಿ ಪೂರ್ತಿ ಮ್ಯೂಸಿಕ್ ಓಡ್ತಿದೆ. ಅವನಿಗೆ ಕೇಳಿಸೋದು ಬರೀ ಟಕ್ ಟಕ್ ಟಕ್. 1990ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಎಲಿಜಬೆತ್ ನ್ಯೂಟನ್ ಅನ್ನೋ ಸಂಶೋಧಕಿ ಇದನ್ನೇ ಪ್ರಯೋಗವಾಗಿ ಮಾಡಿದ್ರು. ಕುಟ್ಟೋರು ಅರ್ಧದಷ್ಟು ಹಾಡು ಕಂಡುಹಿಡೀತಾರೆ ಅಂತ ಅಂದಾಜು ಮಾಡಿದ್ರು. 120 ಹಾಡಲ್ಲಿ ಸರಿಯಾಗಿ ಹೇಳಿದ್ದು ಬರೀ 3.

ಕೋರ್ಸ್ ಮಾಡೋದೂ ಹೀಗೇ. ‘ಈಗ ಈ ಲೂಪಿಗೆ ಕೆವಿಎಲ್ ಹಾಕೋಣ’ ಅಂತ ನಾವು ಆರಾಮಾಗಿ ಹೇಳಿ ಮುಂದೆ ಹೋಗ್ತೀವಿ. ಲೂಪ್ ಯಾವ ದಿಕ್ಕಲ್ಲಿ ಸುತ್ತಬೇಕು, ದಿಕ್ಕು ಬದಲಾಯಿಸಿದ್ರೆ ಉತ್ತರ ಬದಲಾಗುತ್ತಾ, ರೆಸಿಸ್ಟರ್‌ಗೆ ಪ್ಲಸ್ ಮೈನಸ್ ಯಾರು ಹಾಕಿದ್ದು, ಬ್ಯಾಟರಿಗೆ ಅದು ಮೊದಲೇ ಇತ್ತು ಇದಕ್ಕೆ ಎಲ್ಲಿಂದ ಬಂತು, ಇವೆಲ್ಲಾ ಹೊಸಬನ ತಲೆಯಲ್ಲಿ ಓಡ್ತಿರೋ ಪ್ರಶ್ನೆ. ನಮಗೆ ಈ ಪ್ರಶ್ನೆಗಳು ಇದ್ವು ಅನ್ನೋದೇ ಈಗ ನೆನಪಿಲ್ಲ. ಒಂದು ಸಲ ಅರ್ಥ ಆದ ಮೇಲೆ ಅರ್ಥ ಆಗದೇ ಇದ್ದಾಗ ಹೇಗಿತ್ತು ಅಂತ ನೆನಪಿಸ್ಕೊಳ್ಳೋದು ಬಹಳ ಕಷ್ಟ. ಎಷ್ಟೇ ಬುದ್ಧಿವಂತರಾದ್ರೂ ಇದನ್ನ ಒಬ್ಬರೇ ಕೂತು ಸರಿ ಮಾಡಕ್ಕಾಗಲ್ಲ, ಹೊರಗಿನವರ ಕಣ್ಣು ಬೇಕೇ ಬೇಕು.

ಯಾವಾಗ ಕೇಳೋದು, ಯಾರನ್ನ ಕೇಳೋದು

ಎಲ್ಲಾ ರೆಕಾರ್ಡ್ ಮಾಡಿ, ಎಡಿಟ್ ಮಾಡಿ, ಥಂಬ್‌ನೇಲ್ ಹಾಕಿ ಆದ ಮೇಲೆ ಫೀಡ್‌ಬ್ಯಾಕ್ ಕೇಳೋದು ನನ್ನ ಪ್ರಕಾರ ತೀರಾ ಲೇಟು. ಅಷ್ಟೊತ್ತಿಗೆ ನಮಗೆ ಅದರ ಮೇಲೆ ಮೋಹ ಬಂದುಬಿಟ್ಟಿರುತ್ತೆ. ಯಾರಾದ್ರೂ ಏನಾದ್ರೂ ಹೇಳಿದ್ರೆ ವಾದ ಮಾಡೋಕೆ ಶುರು ಮಾಡ್ತೀವಿ. ಜೊತೆಗೆ ಯೂಟ್ಯೂಬಲ್ಲಿ ಒಂದು ಸಲ ಹಾಕಿದ ವಿಡಿಯೋ ಜಾಗಕ್ಕೆ ಅದೇ ಲಿಂಕಲ್ಲಿ ಹೊಸ ವಿಡಿಯೋ ಹಾಕೋಕೆ ಆಗಲ್ಲ. ಸ್ವಲ್ಪ ಟ್ರಿಮ್ ಮಾಡಬಹುದು ಅಷ್ಟೇ, ಉಳಿದಿದ್ದಕ್ಕೆ ಹೊಸ ಲಿಂಕೇ ಗತಿ. (ಇದಕ್ಕೊಂದು ಉಪಾಯ: ಯೂಟ್ಯೂಬ್ ಲಿಂಕನ್ನ ನೇರವಾಗಿ ಹಂಚಬೇಡಿ. ಒಂದು ಗೂಗಲ್ ಸೈಟ್ಸ್ ಪುಟ ಮಾಡಿ ಅದರ ಲಿಂಕ್ ಹಂಚಿ. ಒಳಗಿನ ವಿಡಿಯೋ ಬದಲಾದ್ರೂ ಹೊರಗಿನ ಲಿಂಕ್ ಅದೇ ಇರುತ್ತೆ.)

ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಪ್ರಾಜೆಕ್ಟ್ ಈ ವಿಷಯದಲ್ಲಿ ನಮಗೆ ಒಳ್ಳೇ ಮಾದರಿ. ಸಾಫ್ಟ್‌ವೇರ್ ಕಲಿಸೋ ಸುಮಾರು ಹತ್ತು ನಿಮಿಷದ ವಿಡಿಯೋಗಳು ಅವು, ಕನ್ನಡ ಸೇರಿ ಬೇರೆ ಬೇರೆ ಭಾರತೀಯ ಭಾಷೆಗಳಿಗೆ ಡಬ್ ಆಗಿವೆ. ಸ್ಕ್ರೀನ್ ಮೇಲಿರೋದು ಇಂಗ್ಲಿಷೇ, ಮಾತು ಮಾತ್ರ ಕನ್ನಡ. ಅವರ ಪದ್ಧತಿಯಲ್ಲಿ ರೆಕಾರ್ಡಿಂಗ್‌ಗೆ ಮುಂಚೆ ಸ್ಕ್ರಿಪ್ಟ್ ಬರೀತಾರೆ, ಆ ಸ್ಕ್ರಿಪ್ಟನ್ನ ವಿಷಯ ಗೊತ್ತಿಲ್ಲದ ಒಬ್ಬ ಹೊಸಬನ ಕೈಗೆ ಕೊಟ್ಟು, ಬರೀ ಇದನ್ನ ಓದ್ಕೊಂಡು ಅವನು ಕೆಲಸ ಮಾಡಬಲ್ಲನಾ ಅಂತ ನೋಡ್ತಾರೆ. ಅದಕ್ಕೆ ನಾವೀಸ್ ಚೆಕ್ ಅಂತಾರೆ. ಕಾಗದದ ಮೇಲೆ ಒಂದು ವಾಕ್ಯ ಹೊಡೆದು ಹಾಕೋಕೆ ಹತ್ತು ಸೆಕೆಂಡ್ ಸಾಕು, ಅದೇ ವಾಕ್ಯ ವಿಡಿಯೋದಲ್ಲಿದ್ರೆ ಒಂದು ರಾತ್ರಿ ಹೋಗುತ್ತೆ.

ಕೇಳೋ ಜನ ಮೂರು ತರ ಬೇಕಾಗ್ತಾರೆ. ವಿಷಯ ಗೊತ್ತಿರೋರು ಒಬ್ಬರು, ಲೆಕ್ಚರರ್ ಆಗಿರಬಹುದು ಅಥವಾ ಇಇಇ ಸೀನಿಯರ್ ಆಗಿರಬಹುದು. ಇವರ ಕೆಲಸ ತಪ್ಪು ಹಿಡಿಯೋದು. ಇವರಿಗೆ ‘ಅರ್ಥ ಆಗುತ್ತಾ ಸರ್’ ಅಂತ ಮಾತ್ರ ಕೇಳಬೇಡಿ, ಅವರಿಗೆ ಹೇಗಿದ್ರೂ ಅರ್ಥ ಆಗುತ್ತೆ. ಇನ್ನೊಬ್ಬರು ಭಾಷೆ ನೋಡೋರು, ಅದಕ್ಕೆ ಆಮೇಲೆ ಬರ್ತೀನಿ. ಎಲ್ಲಕ್ಕಿಂತ ಮುಖ್ಯ ಏನೂ ಗೊತ್ತಿಲ್ಲದ ಹೊಸಬರು. ನಮ್ಮ ಕ್ಲೋಸ್ ಫ್ರೆಂಡ್ಸ್ ಈ ಮೂರರಲ್ಲಿ ಯಾವುದಕ್ಕೂ ಸೇರಲ್ಲ, ಕ್ಷಮಿಸಿ. ಅವರಿಗೆ ನಮ್ಮ ಮೇಲಿರೋ ಪ್ರೀತಿ ಅಥವಾ ಕಾಲೆಳೆಯೋ ಚಟ, ಎರಡೂ ಅಡ್ಡ ಬರುತ್ತೆ.

ಹೊಸಬರು ಎಷ್ಟು ಜನ ಬೇಕು? ಇದಕ್ಕೆ ಒಂದು ಪುಟ್ಟ ಲೆಕ್ಕ ಇದೆ, ನಮ್ಮವರಿಗೆ ಇಷ್ಟ ಆಗುತ್ತೆ. ಸಾಫ್ಟ್‌ವೇರ್ ಬಳಕೆಯನ್ನ ಪರೀಕ್ಷಿಸೋ ವಿಷಯದಲ್ಲಿ ಜೇಕಬ್ ನೀಲ್ಸನ್ ಮತ್ತು ಥಾಮಸ್ ಲಾಂಡಾವರ್ 1993ರಲ್ಲಿ ಒಂದು ಮಾಡೆಲ್ ಕೊಟ್ರು. ಒಬ್ಬ ಬಳಕೆದಾರನನ್ನ ಗಮನಿಸಿದ್ರೆ ಒಟ್ಟು ತೊಂದರೆಗಳಲ್ಲಿ ಸರಾಸರಿ 31% ಕಾಣುತ್ತೆ ಅಂತ ಇಟ್ಕೊಳ್ಳಿ. ಅಂದ್ರೆ 69% ಕಾಣದೇ ಉಳಿಯುತ್ತೆ. ಇಬ್ಬರಾದ್ರೆ ಉಳಿಯೋದು 0.69 ಗುಣಿಸು 0.69, ಹೆಚ್ಚು ಕಮ್ಮಿ 48%. ಮೂವರಾದ್ರೆ 33%. ಐವರಾದ್ರೆ ಸುಮಾರು 16%. ಅಂದ್ರೆ ಐದು ಜನರನ್ನ ಸರಿಯಾಗಿ ಗಮನಿಸಿದ್ರೆ 84-85% ತೊಂದರೆ ಸಿಕ್ಕಂಗೆ. ಆ 31 ಅನ್ನೋ ಸಂಖ್ಯೆ ಅವರು ನೋಡಿದ ಪ್ರಾಜೆಕ್ಟ್‌ಗಳ ಸರಾಸರಿ, ನಮ್ಮ ಕೋರ್ಸಿಗೆ ಅದೇ ಇರಬೇಕು ಅಂತ ಏನಿಲ್ಲ. ಆದ್ರೆ ಕರ್ವ್‌ನ ಆಕಾರ ನೋಡಿ, ಮೊದಲ ಕೆಲವರಿಂದಲೇ ಬಹುಪಾಲು ಸಿಗುತ್ತೆ. ಇನ್ನೂರು ಜನರ ಗ್ರೂಪಿಗೆ ಲಿಂಕ್ ಹಾಕೋದಕ್ಕಿಂತ ಐದು ಜನರ ಪಕ್ಕ ಕೂರೋದು ಲಾಭ.

ಪಕ್ಕ ಕೂರೋದು, ಬಾಯಿ ಮುಚ್ಚೋದು

ಹೌದು, ಪಕ್ಕ ಕೂರಬೇಕು. ‘ನೋಡ್ತಾ ನೋಡ್ತಾ ನಿನ್ನ ತಲೆಗೆ ಬಂದಿದ್ದನ್ನೆಲ್ಲಾ ಬಾಯಲ್ಲಿ ಹೇಳ್ತಾ ಹೋಗು’ ಅಂತ ಹೇಳಿ, ಅವರ ಕೈಗೆ ಲ್ಯಾಪ್‌ಟಾಪ್ ಕೊಟ್ಟು ಸುಮ್ಮನಾಗೋದು. ಇದಕ್ಕೆ ಥಿಂಕ್ ಅಲೌಡ್ ಅಂತ ಹೆಸರು. ಐಬಿಎಂನಲ್ಲಿ ಕ್ಲೇಟನ್ ಲೂಯಿಸ್ 1982ರ ಹೊತ್ತಿಗೆ ಇದನ್ನ ಸಾಫ್ಟ್‌ವೇರ್ ಪರೀಕ್ಷೆಗೆ ತಂದ್ರು. ಕೇಳೋಕೆ ಸುಲಭ, ಮಾಡೋಕೆ ಹಿಂಸೆ. ಯಾಕಂದ್ರೆ ಅವನು ಸಿಕ್ಕಿಹಾಕ್ಕೊಂಡಾಗ ನಮ್ಮ ನಾಲಿಗೆ ತುರಿಸುತ್ತೆ. ‘ಅಲ್ಲ ಮಗಾ, ಅದು ಹಾಗಲ್ಲ, ಅಂದ್ರೆ...’ ಅಂತ ಶುರು ಮಾಡಿಬಿಡ್ತೀವಿ. ಅಲ್ಲಿಗೆ ಟೆಸ್ಟ್ ಕೆಟ್ಟಂಗೆ. ನಾಳೆ ರಾತ್ರಿ ಅವನು ಪಿಜಿಯಲ್ಲಿ ಒಬ್ಬನೇ ಕೂತು ನೋಡುವಾಗ ನೀವು ಪಕ್ಕ ಇರಲ್ಲ. ಅವನು ಏನಾದ್ರೂ ಕೇಳಿದ್ರೆ ‘ನಾನಿಲ್ಲ ಅಂದ್ರೆ ಏನು ಮಾಡ್ತಿದ್ದೆ?’ ಅಂತ ವಾಪಸ್ ಕೇಳಿ, ಅಷ್ಟೇ.

ಬಾಯಿ ಮುಚ್ಚಿದ್ರೆ ಕಣ್ಣು ಕೆಲಸ ಮಾಡುತ್ತೆ. ಎಲ್ಲಿ ಪಾಸ್ ಮಾಡಿದ, ಎಲ್ಲಿ ಹತ್ತು ಸೆಕೆಂಡ್ ಹಿಂದೆ ಹೋದ, ಎಲ್ಲಿ 1.5 ಸ್ಪೀಡ್ ಹಾಕಿದ, ಎಲ್ಲಿ ಫೋನ್ ಕಡೆ ನೋಡಿದ, ನೋಟ್ಸ್ ಯಾವಾಗ ಬರ್ಕೊಂಡ, ಎಲ್ಲಾ ಟೈಮ್ ಸಮೇತ ಒಂದು ಹಾಳೆಯಲ್ಲಿ ಗುರುತು ಹಾಕಿ. ‘ಹೂಂ ಹೂಂ’ ಅಂತ ತಲೆ ಆಡಿಸೋದನ್ನ ಮಾತ್ರ ನಂಬಬೇಡಿ. ಕ್ಲಾಸಲ್ಲಿ ನಾವೂ ಆಡಿಸ್ತೀವಿ.

ಮುಗಿದ ಮೇಲೆ ಕೇಳೋ ಪ್ರಶ್ನೆಗೂ ಒಂದು ರೀತಿ ಇದೆ. ‘ಹೇಗಿತ್ತು?’ ಅಂದ್ರೆ ಉತ್ತರ ‘ಚೆನ್ನಾಗಿತ್ತು’ ಅಂತಾನೇ ಬರೋದು, ಮದುವೆ ಊಟ ಮಾಡಿ ಬಂದವರನ್ನ ಕೇಳಿದ ಹಾಗೆ. ‘ಅರ್ಥ ಆಯ್ತಾ?’ ಅನ್ನೋದು ಇನ್ನೂ ಕೆಟ್ಟ ಪ್ರಶ್ನೆ, ಅದಕ್ಕೆ ‘ಇಲ್ಲ’ ಅನ್ನೋಕೆ ಧೈರ್ಯ ಬೇಕು. ಬದಲಿಗೆ ಹಾಳೆ ಪೆನ್ನು ಕೊಟ್ಟು ‘ಈ ಸರ್ಕ್ಯೂಟಿಗೆ ಕೆವಿಎಲ್ ಬರಿ’ ಅನ್ನಿ. ‘ಇದನ್ನ ನಿನ್ನ ಬೆಂಚ್‌ಮೇಟ್‌ಗೆ ಹೇಗೆ ಹೇಳಿಕೊಡ್ತೀಯಾ, ನನಗೆ ಹೇಳಿ ತೋರಿಸು’ ಅನ್ನಿ. ‘ಯಾವ ಜಾಗದಲ್ಲಿ ನಿಲ್ಲಿಸಿ ಎದ್ದು ಹೋಗೋಣ ಅನ್ನಿಸ್ತು?’ ಅಂತ ಕೇಳಿ, ಯಾಕಂದ್ರೆ ಆ ಪ್ರಶ್ನೆಯಲ್ಲೇ ‘ಅನ್ನಿಸಿರುತ್ತೆ, ಪರವಾಗಿಲ್ಲ’ ಅನ್ನೋ ಅನುಮತಿ ಇದೆ. ‘ಒಂದು ನಿಮಿಷ ಕಟ್ ಮಾಡಲೇಬೇಕು ಅಂದ್ರೆ ಯಾವುದನ್ನ ತೆಗೀತೀಯಾ?’ ಅನ್ನೋದೂ ಚೆನ್ನಾಗಿ ಕೆಲಸ ಮಾಡುತ್ತೆ. ಬಹುತೇಕ ನಮ್ಮ ಇಂಟ್ರೋನೇ ಹೋಗುತ್ತೆ.

ಕ್ವಿಜ್‌ನ ತಪ್ಪು ಉತ್ತರಗಳು

ಮನುಷ್ಯರು ಮುಲಾಜಿಗೆ ಸುಳ್ಳು ಹೇಳಬಹುದು, ತಪ್ಪು ಉತ್ತರ ಹೇಳಲ್ಲ. ಈ ಭಾಗ ನನಗೆ ಬಹಳ ಇಷ್ಟ, ಸ್ವಲ್ಪ ನಿಧಾನವಾಗಿ ಹೋಗೋಣ.

ಒಂದು ಪ್ರಶ್ನೆ ತಗೊಳ್ಳಿ. 12 ವೋಲ್ಟ್ ಬ್ಯಾಟರಿಗೆ 4 ಓಮ್ ಮತ್ತು 2 ಓಮ್ ರೆಸಿಸ್ಟರ್‌ಗಳನ್ನ ಸೀರೀಸ್‌ನಲ್ಲಿ ಜೋಡಿಸಿದೆ. ಕರೆಂಟ್ ಎಷ್ಟು? ಉತ್ತರ 2 ಆಂಪಿಯರ್. ಉಳಿದ ಮೂರು ಆಪ್ಷನ್‌ಗೆ ಸುಮ್ಮನೆ 5, 8, 10 ಅಂತ ಹಾಕಿದ್ರೆ ಯಾರೋ ತಪ್ಪು ಮಾಡಿದಾಗ ‘ತಪ್ಪು’ ಅಂತ ಮಾತ್ರ ಗೊತ್ತಾಗುತ್ತೆ. ಅದರ ಬದಲು 9, 3, 72 ಅಂತ ಹಾಕಿ ನೋಡಿ. 9 ಆಂಪಿಯರ್ ಅಂದವನು ಸೀರೀಸನ್ನ ಪ್ಯಾರಲಲ್ ಅಂದುಕೊಂಡು 8 ಭಾಗಿಸು 6 ಮಾಡಿದ್ದಾನೆ. 3 ಅಂದವನಿಗೆ ಮೊದಲನೇ ರೆಸಿಸ್ಟರ್ ಮಾತ್ರ ಕಣ್ಣಿಗೆ ಬಿದ್ದಿದೆ, ‘ಕರೆಂಟ್ ಮೊದಲು ಸಿಕ್ಕಿದ್ದನ್ನ ದಾಟುತ್ತೆ’ ಅನ್ನೋ ಕಲ್ಪನೆ ತಲೆಯಲ್ಲಿ ಇರಬಹುದು. 72 ಅಂದವನು ಓಮ್ಸ್ ಲಾನಲ್ಲಿ ಭಾಗಿಸೋ ಕಡೆ ಗುಣಿಸಿದ್ದಾನೆ. ಈಗ ಪ್ರತಿ ತಪ್ಪೂ ನಮ್ಮ ಯಾವ ವಿಡಿಯೋ ರಿಪೇರಿ ಮಾಡಬೇಕು ಅಂತ ಹೇಳುತ್ತೆ. 9 ಜಾಸ್ತಿ ಬಂದ್ರೆ ಸೀರೀಸ್-ಪ್ಯಾರಲಲ್ ವಿಡಿಯೋ. 72 ಜಾಸ್ತಿ ಬಂದ್ರೆ ಓಮ್ಸ್ ಲಾ ವಿಡಿಯೋ, ಅಂದ್ರೆ ತೊಂದರೆ ನಾವು ಅಂದುಕೊಂಡಿದ್ದಕ್ಕಿಂತ ಎರಡು ವಿಡಿಯೋ ಹಿಂದೆ ಇದೆ.

ಗೂಗಲ್ ಫಾರ್ಮ್‌ನ ಸಮ್ಮರಿಯಲ್ಲಿ ಯಾವ ಆಪ್ಷನ್‌ಗೆ ಎಷ್ಟು ಜನ ಅಂತ ನೇರವಾಗಿ ಕಾಣುತ್ತೆ. ಮೂಡಲ್ ಬಳಸ್ತಿದ್ರೆ ಇನ್ನೂ ಎರಡು ಸಂಖ್ಯೆ ಸಿಗುತ್ತೆ. ಫೆಸಿಲಿಟಿ ಇಂಡೆಕ್ಸ್ ಅಂದ್ರೆ ಆ ಪ್ರಶ್ನೆಗೆ ಎಲ್ಲರೂ ಸೇರಿ ಸರಾಸರಿ ಎಷ್ಟು ಅಂಕ ತಗೊಂಡ್ರು ಅಂತ. ಡಿಸ್ಕ್ರಿಮಿನೇಷನ್ ಇಂಡೆಕ್ಸ್ ಅಂದ್ರೆ ಉಳಿದ ಕ್ವಿಜ್ ಚೆನ್ನಾಗಿ ಮಾಡಿದವರು ಈ ಪ್ರಶ್ನೆಯನ್ನೂ ಚೆನ್ನಾಗಿ ಮಾಡಿದ್ರಾ ಅಂತ. ಇದು ಮೈನಸ್ ಬಂದ್ರೆ, ಅಂದ್ರೆ ಚೆನ್ನಾಗಿ ಓದಿದವರೇ ತಪ್ಪು ಮಾಡಿ ಉಳಿದವರು ಸರಿ ಮಾಡಿದ್ರೆ, ವಿದ್ಯಾರ್ಥಿಗಳನ್ನ ಬಿಟ್ಟು ಮೊದಲು ನಿಮ್ಮ ಪ್ರಶ್ನೆಯನ್ನ ನೋಡಿ. ಉತ್ತರದ ಕೀ ತಪ್ಪಿರಬಹುದು, ಅಥವಾ ಪ್ರಶ್ನೆಗೆ ಎರಡು ಅರ್ಥ ಇರಬಹುದು. ಕ್ವಿಜ್ ಮಾಡಿದವರು ಇಪ್ಪತ್ತೇ ಜನ ಆದ್ರೆ ಈ ಸಂಖ್ಯೆಗಳನ್ನ ಸುಳಿವು ಅಂತ ಮಾತ್ರ ಇಟ್ಕೊಳ್ಳಿ.

ಯೂಟ್ಯೂಬ್ ಸ್ಟುಡಿಯೋದ ರಿಟೆನ್ಷನ್ ಗ್ರಾಫೂ ಇದೆ. ಎಲ್ಲಿ ಗ್ರಾಫ್ ದಬಕ್ಕಂತ ಬೀಳುತ್ತೋ ಅಲ್ಲಿ ಜನ ಎದ್ದು ಹೋಗಿದ್ದಾರೆ. ಎಲ್ಲಿ ಮೇಲೇಳುತ್ತೋ ಅಲ್ಲಿ ಮತ್ತೆ ಮತ್ತೆ ನೋಡಿದ್ದಾರೆ, ಅದು ತುಂಬಾ ಉಪಯೋಗಕ್ಕೆ ಬಂತು ಅಂತಲೂ ಆಗಬಹುದು, ಅರ್ಥವೇ ಆಗ್ಲಿಲ್ಲ ಅಂತಲೂ ಆಗಬಹುದು. ಗ್ರಾಫ್ ‘ಎಲ್ಲಿ’ ಅಂತ ಹೇಳುತ್ತೆ, ‘ಯಾಕೆ’ ಅಂತ ಪಕ್ಕ ಕೂತಾಗಲೇ ಗೊತ್ತಾಗೋದು. ಉದ್ದದ ಬಗ್ಗೆ ಒಂದು ಮಾತು: ಎಡ್‌ಎಕ್ಸ್‌ನ ನಾಲ್ಕು ಕೋರ್ಸ್‌ಗಳಲ್ಲಿ 69 ಲಕ್ಷ ಸಲ ವಿಡಿಯೋ ನೋಡಿದ ಲೆಕ್ಕವನ್ನ ಫಿಲಿಪ್ ಗುವೊ ಮತ್ತು ಜೊತೆಗಾರರು 2014ರಲ್ಲಿ ಪ್ರಕಟಿಸಿದ್ರು. ವಿಡಿಯೋ ಎಷ್ಟೇ ಉದ್ದ ಇರಲಿ, ಜನ ನೋಡಿದ ಸಮಯದ ಮೀಡಿಯನ್ 6 ನಿಮಿಷ ದಾಟಲಿಲ್ಲ. ನಮ್ಮ 22 ನಿಮಿಷದ ಕೆವಿಎಲ್ ವಿಡಿಯೋನ ನಾಲ್ಕು ತುಂಡು ಮಾಡೋಕೆ ಇದು ಸಾಕು. ತುಂಡು ಚಿಕ್ಕದಾದಷ್ಟೂ ಫೀಡ್‌ಬ್ಯಾಕ್ ಬಂದ ಮೇಲೆ ಒಂದನ್ನೇ ಬದಲಾಯಿಸೋದೂ ಸುಲಭ.

ಯಾವ ಕನ್ನಡ?

ಕನ್ನಡದಲ್ಲಿ ಕೋರ್ಸ್ ಮಾಡೋರಿಗೆ ಮಾತ್ರ ಇರೋ ತಲೆನೋವು ಇದು. ‘ವಿಭವಾಂತರ’ ಅನ್ನೋ ಪದ ನನಗೆ ಗೊತ್ತಾಗಿದ್ದೇ ಕನ್ನಡ ಮೀಡಿಯಂನಿಂದ ಬಂದ ಒಬ್ಬ ಜೂನಿಯರ್‌ನಿಂದ. ವೋಲ್ಟೇಜ್, ಪೊಟೆನ್ಶಿಯಲ್ ಡಿಫರೆನ್ಸ್ ಅಂತ ಹತ್ತು ಸಲ ಕೇಳಿ ಸುಮ್ಮನೆ ಕೂತಿದ್ದವನು ‘ಓ, ವಿಭವಾಂತರನಾ ಅಣ್ಣ’ ಅಂದ. ಹತ್ತನೇ ಕ್ಲಾಸಲ್ಲೇ ರೋಧ, ವಿಭವಾಂತರ, ವಿದ್ಯುತ್ ಪ್ರವಾಹ ಅಂತ ಪೂರ್ತಿ ಓದಿದ್ದಾನೆ, ಓಮನ ನಿಯಮ ಬಾಯಿಪಾಠ. ಅವನಿಗೆ ವಿಷಯ ಹೊಸದೇ ಅಲ್ಲ, ಹೆಸರು ಹೊಸದು.

ಇನ್ನೊಂದು ಕಡೆ ನನ್ನಂಥವರಿಗೆ ‘ರೋಧ’ ಅಂದ್ರೆ ಒಂದು ಕ್ಷಣ ಬ್ಲಾಂಕ್. ಪರೀಕ್ಷೆಯೋ ಇಂಗ್ಲಿಷಲ್ಲೇ ಬರೀಬೇಕು. ಹಾಗಾಗಿ ‘ಪೂರ್ತಿ ಶುದ್ಧ ಕನ್ನಡ’ ಅನ್ನೋ ಹಟವೂ, ‘ಕ್ರಿಯಾಪದ ಮಾತ್ರ ಕನ್ನಡ’ ಅನ್ನೋ ಸೋಮಾರಿತನವೂ ಎರಡೂ ಕೆಲಸಕ್ಕೆ ಬರಲ್ಲ. ಮೊದಲ ಸಲ ಎರಡೂ ಪದ ಹೇಳಿ, ಸ್ಕ್ರೀನ್ ಮೇಲೆ ಎರಡನ್ನೂ ಬರೆದು, ಆಮೇಲೆ ಪರೀಕ್ಷೆಯಲ್ಲಿ ಬರೋ ಪದದಲ್ಲೇ ಮುಂದುವರಿಯೋದು ವಾಸಿ ಅನ್ನೋದು ನನ್ನ ಅಭಿಪ್ರಾಯ. ಭಾಷೆಯ ಫೀಡ್‌ಬ್ಯಾಕ್‌ಗೆ ಒಬ್ಬರಲ್ಲ ಇಬ್ಬರು ಬೇಕು, ಕನ್ನಡ ಮೀಡಿಯಂನವರು ಒಬ್ಬರು, ಇಂಗ್ಲಿಷ್ ಮೀಡಿಯಂನವರು ಒಬ್ಬರು. ಸಾಧ್ಯ ಆದ್ರೆ ಒಬ್ಬರು ಬೀದರ್ ಕಡೆಯವರು, ಒಬ್ಬರು ಮೈಸೂರು ಕಡೆಯವರು. ಅವರಿಗೆ ಒಂದೇ ಕೆಲಸ: ಗೊತ್ತಿಲ್ಲದ ಪದ ಬಂದ ಕೂಡಲೇ ಹಾಳೆ ಮೇಲೆ ಬರೆಯೋದು.

ಈಗ ಕೊಡೋರ ಸರದಿ

ನಮ್ಮಲ್ಲಿ ಫೀಡ್‌ಬ್ಯಾಕ್ ಕೊಡೋದು ಕಷ್ಟ, ಒಪ್ಪೋಣ. ಸೀನಿಯರ್‌ಗೆ ‘ಇದು ಅರ್ಥ ಆಗ್ಲಿಲ್ಲ’ ಅಂದ್ರೆ ಏನಂದುಕೊಳ್ತಾರೋ ಅನ್ನೋ ಭಯ. ಫ್ರೆಂಡ್‌ಗೆ ಹೇಳಿದ್ರೆ ‘ನೀನು ಮಾಡಿ ತೋರ್ಸು ನೋಡೋಣ’ ಅಂತಾನೆ. ಹಾಗಾಗಿ ನಾವು ಎರಡೇ ಗೇರಲ್ಲಿ ಓಡ್ತೀವಿ, ಹೊಗಳೋದು ಅಥವಾ ರೋಸ್ಟ್ ಮಾಡೋದು.

ಎರಡೂ ಉಪಯೋಗಕ್ಕೆ ಬರಲ್ಲ ಅನ್ನೋಕೆ ಆಧಾರ ಇದೆ. ಕ್ಲೂಗರ್ ಮತ್ತು ಡೆನಿಸಿ ಅನ್ನೋ ಇಬ್ಬರು 1996ರಲ್ಲಿ ಫೀಡ್‌ಬ್ಯಾಕ್ ಬಗ್ಗೆ ಅದುವರೆಗೆ ಆದ ಅಧ್ಯಯನಗಳನ್ನೆಲ್ಲಾ ಒಟ್ಟು ಹಾಕಿ ನೋಡಿದ್ರು. ಸರಾಸರಿ ನೋಡಿದ್ರೆ ಫೀಡ್‌ಬ್ಯಾಕ್‌ನಿಂದ ಒಳ್ಳೇದೇ ಆಗಿತ್ತು. ಆದ್ರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಸಂದರ್ಭದಲ್ಲಿ ಫೀಡ್‌ಬ್ಯಾಕ್ ಸಿಕ್ಕ ಮೇಲೆ ಕೆಲಸ ಮೊದಲಿಗಿಂತ ಕೆಟ್ಟಿತ್ತು! ಮಾತು ಕೆಲಸದಿಂದ ಮನುಷ್ಯನ ಕಡೆ ತಿರುಗಿದಷ್ಟೂ ಅದರ ಪ್ರಯೋಜನ ಕಮ್ಮಿ ಆಗುತ್ತೆ ಅನ್ನೋದು ಅವರ ವಿವರಣೆ. 2007ರಲ್ಲಿ ಹ್ಯಾಟಿ ಮತ್ತು ಟಿಂಪರ್ಲಿ ಕೂಡ ಇದೇ ದಿಕ್ಕಲ್ಲಿ ಹೇಳಿದ್ರು: ‘ನೀನು ಜಾಣ’ ಅನ್ನೋ ತರದ, ವ್ಯಕ್ತಿಯನ್ನ ಹೊಗಳೋ ಫೀಡ್‌ಬ್ಯಾಕ್ ಕಲಿಕೆಗೆ ಎಲ್ಲಕ್ಕಿಂತ ಕಮ್ಮಿ ಸಹಾಯ ಮಾಡುತ್ತೆ. ಅಂದ್ರೆ ‘ನೀನು ಹುಟ್ಟು ಟೀಚರ್ ಬಿಡು’ ಅನ್ನೋದೂ ‘ನಿನಗೆ ಹೇಳಿಕೊಡೋಕೆ ಬರಲ್ಲ’ ಅನ್ನೋದೂ ಒಂದೇ ಜಾತಿ. ಎರಡು ಕೇಳಿದ ಮೇಲೂ ನಾಳೆ ಯಾವ ವಿಡಿಯೋ ಓಪನ್ ಮಾಡಿ ಏನು ತಿದ್ದಬೇಕು ಅಂತ ಗೊತ್ತಾಗಲ್ಲ.

ಹಾಗಾದ್ರೆ ಹೇಗೆ ಹೇಳೋದು? ಎರಡು ಮೆಸೇಜ್ ಹೋಲಿಸಿ ನೋಡಿ. ಒಂದು: ‘ಅಣ್ಣ, ಕೆವಿಎಲ್ ವಿಡಿಯೋ ಸ್ವಲ್ಪ ಕನ್‌ಫ್ಯೂಸಿಂಗ್ ಇದೆ.’ ಇನ್ನೊಂದು: ‘ಅಣ್ಣ, ಐದನೇ ವಿಡಿಯೋದಲ್ಲಿ 3:40ರ ಹತ್ರ ಕ್ಲಾಕ್‌ವೈಸ್ ಹೋಗ್ತಾ ರೆಸಿಸ್ಟರ್ ದಾಟಿದಾಗ ಪ್ಲಸ್ ಹಾಕಿದ್ದೀರ. ಮೂರನೇ ವಿಡಿಯೋದಲ್ಲಿ ಅದೇ ತರ ದಾಟಿದಾಗ ಮೈನಸ್ ಇತ್ತು. ಉತ್ತರ ಎರಡರಲ್ಲೂ ಸರಿ ಬಂತು, ಆದ್ರೆ ನಾನು ಪರೀಕ್ಷೆಯಲ್ಲಿ ಯಾವುದು ಬರೆಯೋದು ಅಂತ ಗೊತ್ತಾಗದೆ ಅಲ್ಲೇ ನಿಲ್ಲಿಸಿದೆ.’ ಎರಡನೇದು ಚಿನ್ನದಂಥ ಫೀಡ್‌ಬ್ಯಾಕ್. ಡ್ರಾಪನ್ನ ಪ್ಲಸ್ ಅಂತ ತಗೊಂಡ್ರೂ ರೈಸನ್ನ ಪ್ಲಸ್ ಅಂತ ತಗೊಂಡ್ರೂ ಇಡೀ ಸಮೀಕರಣವನ್ನ ಮೈನಸ್ ಒಂದರಿಂದ ಗುಣಿಸಿದಂಗೆ ಅಷ್ಟೇ ಅಂತ ನಮಗೆ ಗೊತ್ತು, ಆದ್ದರಿಂದ ಅದು ನಮ್ಮ ಕಣ್ಣಿಗೆ ಬೀಳೋದೇ ಇಲ್ಲ. ಆ ಜೂನಿಯರ್ ಜಾಗ ಹೇಳಿದ, ಅಲ್ಲಿ ತನ್ನ ತಲೆಯಲ್ಲಿ ಏನಾಯ್ತು ಅಂತ ಹೇಳಿದ, ಅಷ್ಟೇ. ಪರಿಹಾರ ಹೇಳೋದು ಅವನ ಕೆಲಸ ಅಲ್ಲ. ‘ಅನಿಮೇಷನ್ ಹಾಕಿ, ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಹಾಕಿ’ ಅನ್ನೋ ಸಲಹೆಗಳ ಹಿಂದೆ ಬಹಳ ಸಲ ಇರೋದು ‘ಇಲ್ಲಿ ಬೋರ್ ಆಯ್ತು’ ಅನ್ನೋ ಒಂದು ಮಾತು. ಆ ಮಾತನ್ನೇ ನೇರವಾಗಿ ಹೇಳಿದ್ರೆ ಮಾಡಿದವರು ಮದ್ದು ಹುಡುಕ್ತಾರೆ.

ಹೇಳುವಾಗ ಮೂರು ಬೇರೆ ಬೇರೆ ಮಾತನ್ನ ಕಲಸಬೇಡಿ. ‘ಇದು ತಪ್ಪು’ ಅನ್ನೋದು ಒಂದು, ಅದಕ್ಕೆ ಪುಸ್ತಕ ತೋರಿಸಬಹುದು. ‘ಇದು ನನಗೆ ಅರ್ಥ ಆಗ್ಲಿಲ್ಲ’ ಅನ್ನೋದು ಇನ್ನೊಂದು, ಅದನ್ನ ಯಾರೂ ವಾದ ಮಾಡಿ ಸುಳ್ಳು ಮಾಡೋಕೆ ಆಗಲ್ಲ. ‘ಇದು ನನಗೆ ಇಷ್ಟ ಆಗ್ಲಿಲ್ಲ’ ಅನ್ನೋದು ಮೂರನೇದು, ಹೇಳಿ, ಆದ್ರೆ ಇಷ್ಟ ಅಂತಲೇ ಹೇಳಿ. ಮೊದಲನೇ ತರದ್ದನ್ನ ಗ್ರೂಪಲ್ಲಿ ಎಲ್ಲರ ಮುಂದೆ ಹಾಕೋದಕ್ಕಿಂತ ಪರ್ಸನಲ್ ಆಗಿ ಮೆಸೇಜ್ ಮಾಡಿದ್ರೆ ಬೇಗ ತಿದ್ದುತ್ತಾರೆ, ಅನುಮಾನವೇ ಬೇಡ. ಚೆನ್ನಾಗಿರೋದನ್ನೂ ಹೇಳಿ, ಅದೂ ಜಾಗ ಸಮೇತ: ‘ನೀರಿನ ಟ್ಯಾಂಕ್ ಉದಾಹರಣೆ ಬಂದಾಗ ವೋಲ್ಟೇಜ್ ಅಂದ್ರೆ ಏನು ಅಂತ ಗೊತ್ತಾಯ್ತು’ ಅಂತ. ಇಲ್ಲದಿದ್ರೆ ರಿಪೇರಿ ಮಾಡೋ ಭರದಲ್ಲಿ ಅವರು ಅದನ್ನೇ ಕಿತ್ತು ಹಾಕಿಬಿಡ್ತಾರೆ.

ಬಂದ ಮೇಲೆ ಏನು ಮಾಡೋದು

ಬಂದಿದ್ದೆಲ್ಲಾ ಮಾಡಬೇಕಾಗಿಲ್ಲ. ಒಬ್ಬ ‘ಫಾಸ್ಟ್ ಆಯ್ತು’ ಅಂತಾನೆ, ಇನ್ನೊಬ್ಬ ‘ಸ್ಲೋ ಆಯ್ತು’ ಅಂತಾನೆ. ಇಬ್ಬರ ಮಾತಿಗೂ ಬೆಲೆ ಕೊಡ್ತೀನಿ ಅಂತ ನಡುವಿನ ಸ್ಪೀಡಲ್ಲಿ ಮತ್ತೆ ರೆಕಾರ್ಡ್ ಮಾಡೋಕೆ ಹೋದ್ರೆ ಸೆಮಿಸ್ಟರ್ ಮುಗಿಯುತ್ತೆ. ಈ ಕೋರ್ಸ್ ಯಾರಿಗೆ ಅಂತ ಮೊದಲೇ ಬರೆದಿಟ್ಟುಕೊಂಡಿರಬೇಕು. ‘ಕನ್ನಡ ಮೀಡಿಯಂನಿಂದ ಬಂದ ಫಸ್ಟ್ ಇಯರ್ ಹುಡುಗ ಹುಡುಗಿಯರಿಗೆ, ಮೊದಲ ಇಂಟರ್ನಲ್ಸ್‌ಗೆ ಮುಂಚೆ’ ಅಂತ ಗೋಡೆ ಮೇಲೆ ಅಂಟಿಸಿದ್ರೆ ಯಾರ ಮಾತು ತೂಕ ಅಂತ ತಾನೇ ತೀರ್ಮಾನ ಆಗುತ್ತೆ. ಫಾಸ್ಟ್ ಆಯ್ತು ಅಂದವನಿಗಾಗಿ ಮಾಡಿ, ಸ್ಲೋ ಅನ್ನಿಸಿದವನಿಗೆ ಸ್ಪೀಡ್ ಬಟನ್ ಇದೆ.

ವಿಷಯ ತಪ್ಪಿದ್ರೆ ಅವತ್ತೇ ಆ ವಿಡಿಯೋ ಕೆಳಗಿಳಿಸಿ. ಒಂದೇ ಜಾಗದಲ್ಲಿ ಇಬ್ಬರು ಸಿಕ್ಕಿಹಾಕ್ಕೊಂಡಿದ್ರೆ ಆ ತುಂಡನ್ನ ಈ ವಾರ ತಿದ್ದಿ. ಉಳಿದಿದ್ದು ರಜೆಗೆ. ಫೀಡ್‌ಬ್ಯಾಕ್ ಕೇಳುವಾಗ ವಾದ ಬೇಡ, ವಿವರಣೆನೂ ಬೇಡ. ‘ಅಲ್ಲ, ನಾನು ಅಲ್ಲಿ ಏನು ಹೇಳೋಕೆ ಹೊರಟಿದ್ದೆ ಅಂದ್ರೆ’ ಅಂತ ಶುರು ಮಾಡಿದ್ರೆ ಎದುರಿಗಿರೋನು ಮುಂದಿನ ಸಲ ‘ಸೂಪರ್ ಬ್ರೋ’ಗೆ ವಾಪಸ್ ಹೋಗ್ತಾನೆ. ಬರ್ಕೊಳ್ಳಿ, ಥ್ಯಾಂಕ್ಸ್ ಹೇಳಿ. ತಿದ್ದಿದ ಮೇಲೆ ಅವನಿಗೇ ಮೊದಲು ಲಿಂಕ್ ಕಳಿಸಿ ‘ನೀನು ಹೇಳಿದ 3:40 ಈಗ ಸರಿ ಮಾಡಿದ್ದೀನಿ’ ಅನ್ನಿ. ತನ್ನ ಮಾತಿನಿಂದ ಸೀನಿಯರ್ ವಿಡಿಯೋ ಬದಲಾಯ್ತು ಅಂತ ಗೊತ್ತಾದವನು ಕ್ಲಾಸಲ್ಲೂ ಕೈ ಎತ್ತಿ ಡೌಟ್ ಕೇಳೋ ಸಾಧ್ಯತೆ ಇದೆ.

ಒಂದೇ ತೊಡಕು, ತಿದ್ದಿದ ವಿಡಿಯೋ ಸರಿ ಆಯ್ತಾ ಅಂತ ಅವನ ಮೇಲೇ ಪರೀಕ್ಷೆ ಮಾಡೋಕೆ ಆಗಲ್ಲ. ಅವನಿಗೆ ಈಗ ಕೆವಿಎಲ್ ಬರುತ್ತೆ, ಟಕ್ ಟಕ್ ಜೊತೆ ಅವನಿಗೂ ಹಾಡು ಕೇಳಿಸ್ತಿದೆ. ಅದಕ್ಕೇ ಸಿಕ್ಕ ಐದು ಜನ ಹೊಸಬರನ್ನ ಒಂದೇ ದಿನ ಕೂರಿಸಿ ಖರ್ಚು ಮಾಡಬೇಡಿ. ಸ್ಕ್ರಿಪ್ಟ್ ಹಂತದಲ್ಲಿ ಇಬ್ಬರು, ಮೊದಲ ರೆಕಾರ್ಡಿಂಗ್ ಆದ ಮೇಲೆ ಇಬ್ಬರು, ತಿದ್ದಿದ ಮೇಲೆ ನೋಡೋಕೆ ಅಂತ ಒಬ್ಬರನ್ನ ಏನೂ ತೋರಿಸದೆ ಹಾಗೇ ಉಳಿಸ್ಕೊಳ್ಳಿ. ಇಂಟರ್ನಲ್ಸ್ ಟೈಮ್‌ಟೇಬಲ್ ಬರೋದಕ್ಕೆ ಮುಂಚೆ ಅವರನ್ನ ಹಿಡೀಬೇಕು, ಬಂದ ಮೇಲೆ ಯಾರೂ ಸಿಗಲ್ಲ.